ಕೊಲ್ಲಾಪುರಮ್ಮನ ಹೆಬ್ಬೆಟ್ಟು

ಔಷಧದೊಳಗಿನ ಗುಣವಾಗಿ, ಕಣ್ಣೊಳಗಿನ ಬೆಳಕಾಗಿ ನಿಂತಿರುವ ವೈದ್ಯನಾಥನೇ, ನಿನ್ನ ಪಾದಕ್ಕೆ ಮಣಿದು ಈ ಕಥೆಯನ್ನು ಆರಂಭಿಸುತ್ತೇನೆ. ನುಡಿಯಲ್ಲಿ ಹುಸಿ ಬೆರೆಯದಂತೆ ಕಾಯುವ ಭಾರ ನಿನ್ನದು.

ಗೌಡಗೆರೆಯ ಸುತ್ತಣ ಹತ್ತು ಹಳ್ಳಿಗಳಿಗೆ ಪರ್ವತಯ್ಯನವರದು ಅಯ್ಯನವರ ಮನೆ. ಮಗುವಿಗೆ ಹೆಸರಿಡಲು, ಹೊಸ ಮನೆಯ ಹೊಸ್ತಿಲು ದಾಟಲು ಅವರೇ ಬರಬೇಕು. ಆ ಮನೆಯವರ ಬಾಯಿಂದ ಬಂದ ಮಾತನ್ನು ಯಾರೂ ಮರುಪ್ರಶ್ನಿಸುವುದಿಲ್ಲ. ಅವರ ಮಗಳು ಭುವನಾ ತುಮಕೂರಿನಲ್ಲಿ ಪತ್ರಿಕೋದ್ಯಮ ಓದಿ, ಶಿರಾದ ಖಾಸಗಿ ಆಸ್ಪತ್ರೆಯೊಂದರ ಸಾರ್ವಜನಿಕ ಸಂಪರ್ಕ ವಿಭಾಗಕ್ಕೆ ಮೂರು ತಿಂಗಳ ಇಂಟರ್ನ್‌ಶಿಪ್‌ಗೆಂದು ಸೇರಿದಳು. ವಿಭಾಗವೆಂದರೆ ಔಷಧದಂಗಡಿಯ ಹಿಂದಿನ ಕಿರುಕೋಣೆ. ಅದರ ಅಧಿಕಾರಿ ನಾಗಭೂಷಣ್.

"ಗೌಡಗೆರೆ ಅಯ್ನೋರ ಮಗಳಾ? ಬಾಮ್ಮ, ಬಾ," ಎಂದ ಆತ ಮೊದಲ ದಿನವೇ. "ನಮ್ ಡಾಕ್ಟ್ರು ಹೇಳಿದ್ರೆ ಅನುಮಾನ ಪಡೋ ಜನ, ನೀನು ಹೇಳಿದ್ರೆ ಒಪ್ಕೊಂತಾರೆ. ಪಿ.ಆರ್. ಅಂದ್ರೆ ಅಷ್ಟೇ ಕಣಮ್ಮ. ಪುಸ್ತಕದಲ್ಲಿ ಇನ್ನೇನ್ ಬರ್ದವ್ರೋ ನಂಗೊತ್ತಿಲ್ಲ."

ಭುವನಾ ಅದನ್ನು ಹೊಗಳಿಕೆಯೆಂದೇ ತಿಳಿದಳು.

ಆ ವಾರವೇ ಉಚಿತ ಕಣ್ಣಿನ ಶಿಬಿರ. ಪೊರೆ ತೆಗೆಸಿಕೊಳ್ಳಲು ಬಂದ ಐವರಲ್ಲಿ ಕೊಲ್ಲಾಪುರಮ್ಮ ಒಬ್ಬಳು. ಕಡಲೆಕಾಯಿ ಬೆಳೆಯುವ ಮನೆಯ ಹಿರಿಯಳು, ಪರ್ವತಯ್ಯನವರ ಮನೆಗೆ ಭಕ್ತಿಯಿಂದ ನಡೆದುಕೊಳ್ಳುವವಳು. ಶಸ್ತ್ರಚಿಕಿತ್ಸೆಯ ಕೋಣೆಯ ಬಾಗಿಲಲ್ಲಿ ಅವಳು ಭುವನಾಳ ಕೈ ಹಿಡಿದು ನಿಂತಳು.

"ಅವ್ವ, ನಿಮ್ಮನೆ ಈಬೂತಿ ಒಸಿ ಹಚ್ಬುಡು. ಎದೆ ಡವಡವ ಅಂತೈತೆ."

ಭುವನಾ ಅವಳ ಹಣೆಗೆ ವಿಭೂತಿ ಇಟ್ಟಳು; ನಾಗಭೂಷಣ್ ಅದರ ಫೋಟೋ ತೆಗೆದುಕೊಂಡ. ಒಳಗೆ ನರ್ಸ್ ಅದನ್ನು ಪೂರ್ತಿ ಒರೆಸಿ, ಮುಖ ಶುದ್ಧಮಾಡಿದ ಮೇಲೆಯೇ ಬಟ್ಟೆ ಹೊದಿಸಿದ್ದನ್ನು ಅವಳು ಬಾಗಿಲ ಗಾಜಿನಿಂದ ಕಂಡಳು.

ಮರುದಿನ ಪಟ್ಟಿ ಬಿಚ್ಚಿದಾಗ, "ನಿನ್ ಮೂಗುಬೊಟ್ಟು ಕಾಣ್ತೈತೆ ಕಣವ್ವ!" ಎಂದು ಮುದುಕಿ ನಕ್ಕಳು. ಆ ನಗು ಎರಡೇ ದಿನದಲ್ಲಿ ಫ್ಲೆಕ್ಸ್ ಆಗಿ ಶಿರಾದ ಬಸ್ ನಿಲ್ದಾಣದಲ್ಲಿ ನಿಂತಿತು. ಕೆಳಗಿನ ಒಕ್ಕಣೆ ಭುವನಾಳದು.

ನಾಲ್ಕನೆಯ ದಿನ ಐವರ ಕಣ್ಣೂ ಕೆಂಪೇರಿ ಕೀವು ತುಂಬಿತು. ಆಸ್ಪತ್ರೆ ನಾಲ್ವರನ್ನು ಸದ್ದಿಲ್ಲದೆ ಬೆಂಗಳೂರಿಗೆ ಸಾಗಿಸಿತು. ಕೊಲ್ಲಾಪುರಮ್ಮ ಊರಿನಿಂದ ಆಸ್ಪತ್ರೆಗೆ ಬರುವುದು ತಡವಾಯಿತು. ಅವಳ ಕಣ್ಣು ಉಳಿಯಲಿಲ್ಲ. ಅವಳ ಮಗ ರಂಗೇಶ್ ಫ್ಲೆಕ್ಸ್‌ನ ಚಿತ್ರ ಹಿಡಿದು ಪತ್ರಿಕೆಯ ವರದಿಗಾರನ ಬಳಿಗೆ ಹೋದ.

ನಾಗಭೂಷಣ್ ಟೈಪು ಮಾಡಿದ ಹಾಳೆಯೊಂದನ್ನು ಭುವನಾಳ ಮುಂದೆ ಸರಿಸಿದ. ಮನೆಗೆ ಹೋದ ಬಳಿಕ ತಾನೇ ಕಣ್ಣಿಗೆ ಭಸ್ಮ ಸವರಿಕೊಂಡೆನೆಂದು ಕೊಲ್ಲಾಪುರಮ್ಮ ಒಪ್ಪಿಕೊಳ್ಳುವ ಹೇಳಿಕೆ ಅದು.

"ಸರ್, ನಾನು ಇಟ್ಟದ್ದು ಹಣೆಗೆ. ಅದನ್ನೂ ನರ್ಸ್ ಒರೆಸಿದ್ರು. ಉಳಿದ ನಾಲ್ಕು ಜನಕ್ಕೆ ಯಾವ ಭಸ್ಮ ಸರ್?"

"ಆ ನಾಲ್ಕು ಜನದ್ದು ಯಾರಮ್ಮ ಕೇಳಿದ್ರು? ನೀನು ಹಚ್ಚಿದ್ದು ಫೋಟೋದಲ್ಲೈತೆ. ಓದಿ ಹೇಳಿ ಹೆಬ್ಬೆಟ್ಟು ಒತ್ತಿಸ್ಕೊಂಡ್ ಬಾ. ಇಲ್ಲಾಂದ್ರೆ ಭಸ್ಮ ಕೊಟ್ಟಿದ್ದು ಯಾರ ಮನೆಯೋರು ಅಂತ ನಾನೇ ಬರೀಬೇಕಾಗ್ತದೆ."

ತಂದೆಯ ಹೆಸರು ಕೆಡುತ್ತದೆಂದು ಅಂಜಿ ಭುವನಾ ಹೊರಟಳು. ಬಸ್ಸಿನಲ್ಲಿ ತನಗೊಂದು ಉಪಾಯ ಹೊಳೆದಂತೆ ಭಾವಿಸಿದಳು: ಹಾಳೆಯನ್ನು ಒಂದಕ್ಷರ ಬಿಡದೆ ಓದಿಬಿಡುವುದು. ಕೇಳಿದವರು ತಾವೇ ಒಲ್ಲೆನ್ನುತ್ತಾರೆ. ಒಲ್ಲೆನೆಂಬ ಮಾತನ್ನು ತಾನು ಆಡಬೇಕಾಗಿಲ್ಲ.

ರಂಗೇಶ್ ಅಂಗಳದಲ್ಲೇ ತಡೆದ. "ಏನಕ್ಕ, ಇನ್ನೊಂದ್ ಫೋಟೋ ಬೇಕಾಗಿತ್ತಾ? ಇನ್ನೊಂದ್ ಕಣ್ಣೈತೆ, ತಕ್ಕೊಂಡೋಗಿ."

"ಬಾಯಿ ಮುಚ್ಚಲಾ!" ಒಳಗಿಂದ ಮುದುಕಿ ಗದರಿದಳು. "ಅಯ್ನೋರ ಮನೆ ಕೂಸು ಬಂದೈತೆ, ಚಾಪೆ ಹಾಕು."

ಭುವನಾ ಚಾಪೆಯ ಮೇಲೆ ಕುಳಿತು ಹಾಳೆಯನ್ನು ಮೊದಲಿಂದ ಕೊನೆಯವರೆಗೆ ಓದಿದಳು. ಓದಿ ಮುಗಿಸಿ, ಮುದುಕಿ ಸಿಡುಕುವುದನ್ನೇ ಕಾದಳು.

"ಅಂಗಾ?" ಎಂದಳು ಕೊಲ್ಲಾಪುರಮ್ಮ ನಿಧಾನವಾಗಿ. "ನಾನೇ ಉಜ್ಕೊಂಡಿದ್ನೇನೋ. ನಿದ್ದೆಗಣ್ಣಲ್ಲಿ ಗ್ಯಾನ ಇರ್ಲಿಲ್ಲ. ನೀನೇ ಓದಿದ್ಮೇಲೆ ಸುಳ್ಳಿರ್ತದಾ?"

ಅವಳು ಭುವನಾ ತಂದಿದ್ದ ಇಂಕ್ ಪ್ಯಾಡನ್ನು ತಡವಿ ಹುಡುಕಿ, ಬೆರಳು ಅದ್ದಿ, ಹಾಳೆಯ ಮೇಲೆ ಒತ್ತಿದಳು.

"ಬೇಡ ಅಜ್ಜಿ!" ಭುವನಾ ಚೀರಿದಳು. "ಅದೆಲ್ಲ ಸುಳ್ಳು. ನಿನ್ನ ತಪ್ಪೇನೂ ಇಲ್ಲ. ಅವತ್ತು ಬಂದ ಐದೂ ಜನಕ್ಕೂ ಕೀವಾಗಿದೆ."

ಅವಳು ಹಾಳೆಯನ್ನು ಹರಿದು ಹಾಕಿದಳು. ರಂಗೇಶ್ ತಂದುಕೊಟ್ಟ ಶಾಲೆಯ ನೋಟ್‌ಬುಕ್ಕಿನಲ್ಲಿ ನಡೆದದ್ದನ್ನೆಲ್ಲ ಬರೆದು, ತನ್ನ ಸಹಿ ಹಾಕಿ, ಗಟ್ಟಿಯಾಗಿ ಓದಿದಳು.

"ಒತ್ತವ್ವ, ಇದು ದಿಟ," ಎಂದ ಮಗ.

ಕೊಲ್ಲಾಪುರಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಆಗ ಓದಿದ್ದೂ ನೀನೇ, ಈಗ ಓದಿದ್ದೂ ನೀನೇ. ನಂಗೆ ಅಕ್ಷರ ಬರಾಕಿಲ್ಲ. ಯಾವ್ದು ದಿಟ ಅಂತ ಹೆಂಗವ್ವ ನೋಡ್ಲಿ? ನಿಮ್ಮನೆ ಮಾತಿಗೆ ಒಂದ್ ದಪ ಒತ್ತಿದ್ದಾಯ್ತು. ಇನ್ ಒತ್ತಾಕಿಲ್ಲ, ಹೋಗು."

ಎಷ್ಟು ಬೇಡಿದರೂ ಅವಳ ಕೈ ಹೊರಬರಲಿಲ್ಲ. ಕಣ್ಣು ಕಳೆದುಕೊಂಡವಳೇ ಒಪ್ಪದ ಮೇಲೆ ಮೂರು ವಾರದ ಇಂಟರ್ನ್ ಒಬ್ಬಳ ಸಹಿಯಿಂದ ಸುದ್ದಿಯಾಗದೆಂದು ವರದಿಗಾರ ಭುವನಾ ಒಯ್ದುಕೊಟ್ಟ ಕಾಗದವನ್ನು ಹಿಂತಿರುಗಿಸಿದ. ಆಸ್ಪತ್ರೆಯ ಹೇಳಿಕೆ ಮಾತ್ರ ಮರುದಿನ ಅಚ್ಚಾಯಿತು: ರೋಗಿಯ ಮೌಢ್ಯ, ಅರ್ಚಕ ಮನೆತನದ ಭಸ್ಮ, ಕೆಲಸದಿಂದ ತೆಗೆಯಲಾದ ತರಬೇತಿಯ ಹುಡುಗಿ. ಆ ಪತ್ರಿಕೆಯನ್ನು ಪರ್ವತಯ್ಯನವರು ಓದಿ, ಮಡಿಸಿ, ಮಗಳ ಮುಂದಿಟ್ಟು, ಪೂಜೆಗೆ ಎದ್ದುಹೋದರು.

ಇದನ್ನು ಕೇಳಿದವರೆಲ್ಲರ ಕಣ್ಣು ತಂಪಾಗಿರಲಿ, ಅಕ್ಷರವರಿಯದವರಿಗೆ ಓದಿ ಹೇಳುವ ನಾಲಗೆಗಳನ್ನು ಶಿವನು ಕಾಯಲಿ, ನಂಬಿದವರ ನಂಬಿಕೆ ನಿಮ್ಮ ಕೈಯಲ್ಲಿ ಕೆಡದಿರಲಿ, ಸರ್ವರಿಗೂ ಮಂಗಳವಾಗಲಿ.