ಬೋರ್ಡಿನ ಮರೆಯಲ್ಲಿ ಬೀಸದ ಗಾಳಿ

ಹವಾಮಾನ ಕಚೇರಿಯ ತಾರಸಿಯ ಮೇಲೆ ಗಾಳಿಯ ವೇಗ ಅಳೆಯುವ ಕಂಬವನ್ನು ಕಿತ್ತು ಹಿಂದಕ್ಕೆ ನೆಟ್ಟದ್ದು ಒಂದು ಫೋಟೋಗಾಗಿ. ಸಾಹೇಬರ ಹೆಸರು ಹೊತ್ತ ಇಪ್ಪತ್ತಡಿ ಅಗಲದ ಹೊಸ ಬೋರ್ಡಿಗೆ ಆ ತುಕ್ಕು ಕಂಬ ಅಡ್ಡ ಬರುತ್ತಿತ್ತು. ಫೋಟೋ ಚೆನ್ನಾಗಿಯೇ ಬಂತು. ಅಂದಿನಿಂದ ಸಮುದ್ರದ ಗಾಳಿ ಬೋರ್ಡಿಗೆ ಬಡಿದು, ಸಾಹೇಬರ ಹೆಸರಿನ ಧೂಳು ಕೊಡವಿ, ಪಕ್ಕಕ್ಕೆ ಸರಿದು ಹೋಗುತ್ತಿತ್ತು. ಅದರ ಮರೆಯಲ್ಲಿದ್ದ ಕಂಬದ ತುದಿಯ, ಗಾಳಿಗೆ ತಿರುಗಬೇಕಾದ ಮೂರು ಬಟ್ಟಲುಗಳು ಊಟ ಮುಗಿಸಿ ಕೂತ ಗುಮಾಸ್ತನ ಹಾಗೆ ಮನಸ್ಸು ಬಂದಾಗ ಒಂದು ಸುತ್ತು ತಿರುಗುತ್ತಿದ್ದವು.

ಗಾಳಿಯಕ್ಕ ಇದನ್ನು ಮೂರು ಸಲ ಬರೆದು ಕೊಟ್ಟಿದ್ದಳು. ಇಪ್ಪತ್ತೆರಡು ವರ್ಷ ಅದೇ ಕಚೇರಿಯಲ್ಲಿ ವಾಯುಭಾರ ಓದಿ, ಮೋಡ ನೋಡಿ, ಗಳಿಗೆಗೊಮ್ಮೆ ಬರೆದಿಟ್ಟ ವೀಕ್ಷಕಿಗೆ ಲಾಂಚುಗಳು ನಿಲ್ಲುವ ದಕ್ಕೆಯವರು ಇಟ್ಟ ಹೆಸರದು. ಮೂರೂ ಅರ್ಜಿಗಳ ಮೇಲೆ ಸಾಹೇಬರು ಹಸಿರು ಶಾಯಿಯಲ್ಲಿ 'ನೋಡಲಾಗಿದೆ' ಎಂದು ಬರೆದಿದ್ದರು. ನೋಡಿದ್ದರು, ಪಾಪ. ಕಣ್ಣಿಗೆ ಅದಕ್ಕಿಂತ ಹೆಚ್ಚಿನ ಕೆಲಸ ಅವರು ಯಾವತ್ತೂ ಕೊಟ್ಟವರಲ್ಲ.

ಅವರ ಜೀವ ಇದ್ದದ್ದು 'ಬಿರುಗಾಳಿ ಪ್ರಿಯರ ಪುಟ'ದಲ್ಲಿ. ಕಚೇರಿಯ ಆ ವೆಬ್‌ಸೈಟಿನಲ್ಲಿ ಬಣ್ಣದ ನಕ್ಷೆ, ಓಡುವ ಬಾಣಗಳು, ರಾಡಾರ್ ಚಿತ್ರ, ಎಲ್ಲವೂ ಇದ್ದವು. ನೂರಾರು ಮೈಲಿ ಆಚೆ ಸೋಫಾದಲ್ಲಿ ಒರಗಿದವರು ಕೆಂಪು ಬಣ್ಣ ಕಂಡರೆ 'ವಾವ್' ಎಂದು ಬರೆಯುತ್ತಿದ್ದರು. ಬೇರೆಯವರ ಮನೆಯ ಹೆಂಚು ಹಾರುವುದನ್ನು ಕಾಯುತ್ತಾ ಕೂರುವ ಈ ಜಾತಿಗೆ ಸಾಹೇಬರು ರಾತ್ರಿ ಹಗಲು ಸೇವೆ ಸಲ್ಲಿಸುತ್ತಿದ್ದರು. ದಕ್ಕೆಗೆ ಬೇಕಿದ್ದದ್ದು ಒಂದೇ ಒಂದು ಅಂಕಿ, ಅಲ್ಲಿನ ಗಾಳಿಯ ವೇಗ. ಅದು ಮಾತ್ರ ಸುಳ್ಳಾಗಿತ್ತು.

ಆ ದಿನ ಮಧ್ಯಾಹ್ನ ಎರಡಕ್ಕೆ ಗಾಳಿಯಕ್ಕ ವಾಯುಭಾರ ಓದಿದಳು. ಮೂರು ಗಂಟೆಯಲ್ಲಿ ಆರು ಮಿಲಿಬಾರ್ ಇಳಿದಿತ್ತು. ಕನ್ನಡಕ ಒರೆಸಿ ಮತ್ತೆ ಓದಿದಳು. ಮೂರಕ್ಕೆ ಅವಳ ತಮ್ಮ ಅರವತ್ತು ಜನರನ್ನು ತುಂಬಿಕೊಂಡು ಆಚೆ ದಡಕ್ಕೆ ಲಾಂಚು ಬಿಡುವ ಹೊತ್ತು. ಕಚೇರಿಯ ಲೆಕ್ಕದಲ್ಲಿ ಗಾಳಿ ಗಂಟೆಗೆ ಐವತ್ತು ಕಿಲೋಮೀಟರ್ ದಾಟಿದರೆ ಲಾಂಚು ಬಿಡುವ ಹಾಗಿಲ್ಲ. ದಾಟದಿದ್ದರೆ ಬಿಡದೆ ಇರುವ ಹಾಗೂ ಇಲ್ಲ, ಬಿಡದ ಚಾಲಕ ಮನೆಗೆ.

ಅವಳು ಸಾಹೇಬರ ಕೋಣೆಗೆ ನುಗ್ಗಿದಳು. "ಸರ್, ಲಾಂಚು ನಿಲ್ಲಿಸಬೇಕು. ವಾಯುಭಾರ ಕುಸೀತಿದೆ, ನನ್ನ ಮಂಡಿನೂ ಬೆಳಗಿನಿಂದ ನೋಯ್ತಿದೆ. ದೊಡ್ಡ ಗಾಳಿ ಬರ್ತಿದೆ."

"ಸ್ಕ್ರೀನ್ ಏನು ಹೇಳುತ್ತೆ?"

ಪಕ್ಕದ ಮೇಜಿನಿಂದ ಆಪರೇಟರ್ ಕೂಗಿದ. "ಹದಿನೆಂಟು, ಸರ್. ಹಿತವಾದ ಗಾಳಿ ಅಂತ ನಗುವ ಸೂರ್ಯನ್ನೂ ಹಾಕಿದೀನಿ."

"ಕಿಟಕಿ ತೆಗೆದು ನೋಡಿ ಸರ್, ಒಂದೇ ಒಂದು ಸಲ."

"ಎಸಿ ಹಾಕಿದೆ ಕಣಮ್ಮಾ, ತೆಗೆಯೋ ಹಾಗಿಲ್ಲ."

"ಬೋರ್ಡು ಗಾಳಿ ತಡೀತಿದೆ, ಅದಕ್ಕೇ ಹದಿನೆಂಟು!"

"ತಮ್ಮ ಅಂತ ನಿಮಗೆ ಗಾಬರಿ, ನನಗೂ ಅರ್ಥ ಆಗುತ್ತೆ. ಆದರೆ ನಿಮ್ಮ ಮಂಡಿನೋವು ನೋಡ್ಕೊಂಡು ನಾನು ಸಿಗ್ನಲ್ ಕೊಡೋಕಾಗುತ್ತಾ? ಸ್ಕ್ರೀನಿನಲ್ಲಿ ಬರಲಿ, ಆ ಕ್ಷಣ ಕೊಡ್ತೀನಿ."

ಗಾಳಿಯಕ್ಕ ಆ ಮುಖವನ್ನು ಒಮ್ಮೆ ನೋಡಿದಳು. ಇದರ ಹತ್ತಿರ ಇನ್ನೊಂದು ಮಾತು ಆಡುವುದು ಗೋಡೆಗೆ ಸೊಳ್ಳೆಪರದೆ ಕಟ್ಟಿದ ಹಾಗೆ. ಉಪಕರಣಗಳ ಪೆಟ್ಟಿಗೆಯಿಂದ ಸ್ಪ್ಯಾನರ್ ಎತ್ತಿ ಹೆಗಲ ಚೀಲಕ್ಕೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು.

ತಾರಸಿಯ ಬಾಗಿಲು ತೆರೆಯಲು ಹೆಗಲು ಕೊಟ್ಟು ನೂಕಬೇಕಾಯಿತು. ಬೋರ್ಡಿನ ಮರೆಯಲ್ಲಿ ಮಾತ್ರ ಬೆಂಕಿಕಡ್ಡಿ ಗೀರಿದರೂ ಆರದಂಥ ಶಾಂತಿ. ತುಕ್ಕು ಹಿಡಿದ ನಾಲ್ಕು ಬೋಲ್ಟುಗಳನ್ನು ಅರ್ಧ ಗಂಟೆ ಗುದ್ದಾಡಿ ಬಿಚ್ಚಿ ಬಟ್ಟಲುಗಳನ್ನು ಕೊಳವೆ ಸಮೇತ ಹೊರಗೆಳೆದಳು. ಕಂಬ ಸರಿಸಿದವರು ಮಿಕ್ಕ ವೈರನ್ನು ಕತ್ತರಿಸುವ ಶ್ರಮಕ್ಕೂ ಹೋಗದೆ ಸುರುಳಿ ಸುತ್ತಿ ಬಿಟ್ಟಿದ್ದರು; ಬೋರ್ಡಿನ ತುದಿ ಮುಟ್ಟಲು ಅಷ್ಟು ಸಾಕಿತ್ತು. ಆ ಕಚೇರಿಯ ಸೋಮಾರಿತನದಿಂದ ಲೋಕಕ್ಕೆ ಆದ ಒಂದೇ ಉಪಕಾರ. ಕೊಳವೆಯನ್ನು ಕಂಕುಳಲ್ಲಿ ಅವುಚಿಕೊಂಡು, ನೋಯುವ ಮಂಡಿಯನ್ನು ಬೈದುಕೊಳ್ಳುತ್ತಾ, ಬೋರ್ಡಿನ ಬೆನ್ನಿನ ಕಬ್ಬಿಣದ ಪಟ್ಟಿಗಳ ಮೇಲೆ ಹತ್ತಿದಳು. ತಲೆ ಮೇಲೆದ್ದ ಕೂಡಲೇ ಗಾಳಿ ಕೆನ್ನೆಗೆ ಬಾರಿಸಿತು. ಚೀಲದ ಪಟ್ಟಿಯಿಂದ ಕೊಳವೆಯನ್ನು ಬೋರ್ಡಿನ ತುದಿಗೆ ಬಿಗಿದು ಕೈ ಬಿಟ್ಟಳು. ಬಟ್ಟಲುಗಳು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗತೊಡಗಿದವು.

ಕೆಳಗೆ ಬರುವ ಹೊತ್ತಿಗೆ ಆಪರೇಟರ್ ಎದ್ದು ನಿಂತಿದ್ದ. "ಸರ್, ಐವತ್ತೆಂಟು! ಅರವತ್ಮೂರು, ಸರ್!"

"ನೋಡಿದ್ರಾ? ಸ್ಕ್ರೀನ್ ಹೇಳ್ತು!" ಸಾಹೇಬರು ಸ್ವತಃ ದಕ್ಕೆಯಲ್ಲಿ ಲಾಂಚು ನಿಲ್ಲಿಸುವ ಕೆಂಪು ಸಿಗ್ನಲ್ಲಿನ ಗುಂಡಿ ಒತ್ತಿದರು. ಮೂರಕ್ಕೆ ಇನ್ನೂ ಎಂಟು ನಿಮಿಷವಿತ್ತು. ಆಮೇಲೆ ಮೇಲಧಿಕಾರಿಗೆ ಫೋನು. "ನಮ್ಮ ಹೊಸ ವ್ಯವಸ್ಥೆ ಕ್ಷಣದಲ್ಲಿ ಹಿಡೀತು ಸರ್. ಹೌದು ಸರ್, ನನ್ನದೇ ಐಡಿಯಾ."

ಫೋನಿಟ್ಟ ಮೇಲೆ ಅವಳ ಗ್ರೀಸು ಮೆತ್ತಿದ ಕೈ ಕಣ್ಣಿಗೆ ಬಿತ್ತು. "ಉಪಕರಣ ಮುಟ್ಟಿದ್ರಾ? ಅನುಮತಿ ಇಲ್ಲದೆ?"

"ಮುಟ್ಟಿದೆ."

"ನೋಟಿಸು ಬರುತ್ತೆ."

"ಕೊಡಿ ಸರ್. 'ನೋಡಲಾಗಿದೆ' ಅಂತ ಬರೆದು ವಾಪಸ್ ಕೊಡ್ತೀನಿ."

ಆಪರೇಟರ್ ಕೆಮ್ಮಿದಂತೆ ಮಾಡಿ ನಗು ನುಂಗಿದ. ಮೂರೂ ಇಪ್ಪತ್ತಕ್ಕೆ ಆಚೆ ದಡ ಕಾಣದಾಯಿತು. ಎಸಿ ನಿಂತಿತು, ಸ್ಕ್ರೀನು ಆರಿತು, ಸಾಹೇಬರು ಮೇಜಿನಡಿ ಟಾರ್ಚು ಹುಡುಕುತ್ತಿದ್ದರು. ಗಾಳಿಯಕ್ಕನ ಮೊಬೈಲು ಹೊಡೆದುಕೊಂಡಿತು.

"ಅಕ್ಕಾ, ಜನ ನಿಮ್ಮ ಆಫೀಸಿಗೆ ಬಾಯಿಗೆ ಬಂದ ಹಾಗೆ ಬೈತಿದ್ದಾರೆ ಕಣೇ. ಮನೆಗೆ ಹೋಗೋದು ತಪ್ಪಿಸಿದ್ರಂತೆ."

"ಎಷ್ಟು ಜನ ಬೈತಿದ್ದಾರೆ?"

"ಎಷ್ಟು ಅಂದ್ರೆ? ಅರವತ್ತೂ ಜನ."

"ಎಲ್ಲರೂ ದಕ್ಕೆ ಮೇಲೇ ಇದ್ದಾರಲ್ಲ?"

"ಇನ್ನೆಲ್ಲಿಗೆ ಹೋಗ್ತಾರೆ, ಲಾಂಚು ಕಟ್ಟಿ ಹಾಕಿದೀನಲ್ಲ."

"ಬೈಲಿ ಬಿಡು," ಎಂದಳು ಗಾಳಿಯಕ್ಕ. "ನೀನು ಒಳಗೆ ಹೋಗಿ ತಲೆ ಒರೆಸ್ಕೋ."