ಜಪ್ತಿ ಮನೆಗೆ ಬಂದ ಗಿರಾಕಿ

"ಇದೇನ್ ಸಾರ್, ಮನೆಯಾ ಜರಡಿಯಾ?" ಎಂದು ಹಳೇ ಮೇಜು ಕುರ್ಚಿಗಳ ವ್ಯಾಪಾರಿ ತಲೆಯೆತ್ತಿ ಸೂರು ನೋಡಿದ. ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದ ಬ್ಯಾಂಕಿನ ಗುಮಾಸ್ತ ಆಕಳಿಸಿದ. ಸಾಲ ತೀರದೆ ಬ್ಯಾಂಕಿನ ಪಾಲಾದ ಮನೆ. ಬಿಟ್ಟುಹೋದ ಯಜಮಾನ ಸ್ವಿಚ್ಚು, ನಲ್ಲಿಗಳ ಜೊತೆಗೆ ಬಚ್ಚಲಿನ ಬಾಗಿಲನ್ನೂ ಕಿತ್ತುಕೊಂಡು ಹೋಗಿದ್ದ.

ವ್ಯಾಪಾರಿಗೆ ಒಳಗೊಳಗೇ ಜೊಲ್ಲು ಸುರಿಯುತ್ತಿತ್ತು. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಕೇಳಿ ಬಾಡಿಗೆ ಮನೆಗಳಲ್ಲಿ ಸವೆದವನು ಅವನು. ಇಲ್ಲಿ ಅಡಿಪಾಯ ಗಟ್ಟಿಯಿತ್ತು. ಮಿಕ್ಕಿದ್ದನ್ನು ಕೈಯಾರೆ ಸರಿಮಾಡಬಹುದಿತ್ತು. ಆದರೆ ಬೇಕಾದ ವಸ್ತುವನ್ನು ಹೊಗಳುವುದು ಅವನ ಕಸುಬಿನಲ್ಲೇ ಇರಲಿಲ್ಲ. ತೇಗದ ಮೇಜು ಕಂಡರೆ 'ಸೌದೆಗೂ ಆಗಲ್ಲ' ಎನ್ನುವುದು, ಮಾರುವವನ ಮುಖ ಸಪ್ಪಗಾದ ಮೇಲೆ ಗಾಡಿಗೆ ಹೇರಿಸುವುದು, ಅಂಗಡಿ ನಡೆದದ್ದೇ ಹಾಗೆ.

ಇವತ್ತಂತೂ ಒಂದು ಎಳೆಯ ಜೋಡಿಯೂ ಮನೆ ನೋಡಲು ಬಂದಿತ್ತು. ಬ್ಯಾಂಕಿನ ಹರಾಜಿಗೆ ಅವರೂ ಕೂತರೆ ಕೆಟ್ಟಿತು. ಆ ಗಂಡ ಅಂಗಿಯ ಇಸ್ತ್ರಿ ಕೆಡದಂತೆ ಗೋಡೆಗಳಿಂದ ಮಾರು ದೂರ ನಡೆಯುತ್ತಿದ್ದ. ಹೆಂಡತಿ ಬಿರುಕುಗಳ ಫೋಟೋ ತೆಗೆಯುತ್ತಿದ್ದಳು. ಸುತ್ತಿಗೆಯ ಯಾವ ತುದಿ ಹಿಡಿಯಬೇಕೆಂದು ತಿಳಿಯದ ಜನ ಅಂದುಕೊಂಡು ವ್ಯಾಪಾರಿ ದನಿ ಏರಿಸಿದ.

"ಬಾಗಿಲ ಚೌಕಟ್ಟು ನೋಡಿದ್ರಾ ಅಮ್ಮಾ? ಗೆದ್ದಲು ತಿಂದು ತೇಗಿದೆ. ಚರಂಡಿ ವಾಸನೆ ಮೂಗಿಗೆ ಬಡೀತಿಲ್ವಾ? ಇಲ್ಲಿ ಹಂದಿ ಕಟ್ಟಿದ್ರೂ ಹಗ್ಗ ಕಿತ್ಕೊಂಡು ಓಡುತ್ತೆ!"

"ಬನ್ರೀ, ಸಾಕು," ಎಂದು ಆ ಹೆಂಡತಿ ಗಂಡನ ತೋಳು ಹಿಡಿದೆಳೆದಳು. ಹೊರಗೆ ಕಾರು ಹೊರಟ ಸದ್ದಾಯಿತು.

ವ್ಯಾಪಾರಿ ಮೀಸೆಯಲ್ಲೇ ನಕ್ಕ. ಅವನ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಸಾಲ ಸಿಗುವುದಿದ್ದರೆ ಅವಳ ಸಂಬಳದ ಮೇಲೆ, ಅವಳ ಸಹಿಗೆ. ಜೊತೆಗೇ ಬಂದಿದ್ದ ಅವಳು ಇಷ್ಟು ಹೊತ್ತೂ ಚೀಲ ಕಂಕುಳಲ್ಲಿಟ್ಟು ಅವನ ಹಿಂದೆಯೇ ನಿಂತಿದ್ದಳು.

"ನೋಡಿದ್ಯಾ, ಬಾಲ ಮುದುರಿಕೊಂಡು ಹೋದ್ರು! ನೀನೊಂದು ಸೈನ್ ಹಾಕ್ಬಿಡು, ಮನೆ ನಮ್ದೇ."

"ಹಂದಿಗೂ ಬೇಡದ ಮನೆ ನಂಗ್ಯಾಕ್ರೀ?"

"ಅಯ್ಯೋ, ಅದು ಅವರಿಗೆ ಹೇಳಿದ್ದು ಕಣೇ! ವ್ಯಾಪಾರದ ಮಾತು."

"ನನ್ ಹತ್ರ ಯಾವತ್ತಾದ್ರೂ ಬೇರೆ ಥರ ಮಾತಾಡಿದ್ದೀರಾ? ನಾನು ಮಾಡಿದ ಅಡುಗೆ, ಹಾಕಿದ ಬಟ್ಟೆ, ಕೊನೆಗೆ ನಮ್ಮಪ್ಪನ ಸಾವಿನ ಮನೆಯ ಊಟ, ಯಾವುದನ್ನ ಹಳಿಯದೆ ಬಿಟ್ಟಿದ್ದೀರಿ? ನಿಮಗೆ ಏನು ಬೇಕು, ಏನು ಬೇಡ ಅಂತ ನಂಗೆ ಇವತ್ತಿಗೂ ತಿಳೀಲಿಲ್ಲ. ಈ ಮನೇಲಿ ಚೆನ್ನಾಗಿರೋದು ಒಂದೇ ಒಂದು ಹೇಳಿ. ಈಗಲೇ ಸೈನ್ ಹಾಕ್ತೀನಿ."

ಗುಮಾಸ್ತನೂ ಆಕಳಿಕೆ ನಿಲ್ಲಿಸಿ ಇತ್ತ ತಿರುಗಿದ.

ವ್ಯಾಪಾರಿ ಸುತ್ತ ನೋಡಿದ. ಅಡುಗೆಮನೆಯ ಕಿಟಕಿಯಿಂದ ಬಿಸಿಲು ನಡುಮನೆಯವರೆಗೂ ಹಾಸಿಕೊಂಡಿತ್ತು. ಕಿಟಕಿಯಾಚೆ ಒಂದು ಮರ ಅಲುಗುತ್ತಿತ್ತು. ಅವನಿಗೆ ಎಲ್ಲವೂ ಕಂಡಿತು. ಬಾಯಿ ತೆರೆದ.

"ಈ ಕಿಟಕಿ..."

"ಹೂಂ, ಕಿಟಕಿ?"

ಅವನ ಹಣೆಯಲ್ಲಿ ಬೆವರೊಡೆಯಿತು.

"ಅಷ್ಟೇನೂ ಕೆಟ್ಟದಾಗಿಲ್ಲ."

ಗುಮಾಸ್ತ ಕಿಸಕ್ಕನೆ ನಕ್ಕ. ಹೆಂಡತಿ ಚೀಲವನ್ನು ಹೆಗಲಿಗೇರಿಸಿ ಮೆಟ್ಟಿಲಿಳಿದಳು, ಗೇಟು ಕಿರುಗುಟ್ಟಿತು. ವ್ಯಾಪಾರಿ ಜೇಬಿನಿಂದ ಕರವಸ್ತ್ರ ತೆಗೆದು, ಕಿಟಕಿ ಗಾಜಿನ ಒಂದು ಮೂಲೆಗೆ ಉಗುಳು ತಾಗಿಸಿ, ಧೂಳು ಒರೆಸತೊಡಗಿದ.