ಹಂಗಾರಕಟ್ಟೆಯಲ್ಲಿ ರಿಪೇರಿಯಾದ ಕಾರು

ಧಾರವಾಡದ ವಾಮನರಾಯರ ಕಾರು ಆಗುಂಬೆ ಘಾಟಿ ಇಳಿದು ಬ್ರಹ್ಮಾವರ ಮುಟ್ಟುವಾಗ ಅದರ ಎಡಬಾಗಿಲನ್ನು ಹಗ್ಗದಿಂದ ಬಿಗಿದು ಕಟ್ಟಲಾಗಿತ್ತು. ಆಗಿನ ಕಾರುಗಳಲ್ಲಿ ಬಾಗಿಲನ್ನು ಹಿಡಿದಿಡುತ್ತಿದ್ದ ಮರದ ಕಂಬ ಮಳೆನೀರು ಕುಡಿದು ಕುಡಿದು ಮುರಿದಿತ್ತು. ಹಿಂದೆ ಕೂತಿದ್ದ ಅವರ ತಾಯಿ ಗಂಗಾಬಾಯಿ ಹಗ್ಗವನ್ನು ನಂಬದೆ ದಾರಿಯುದ್ದಕ್ಕೂ ಬಾಗಿಲನ್ನು ಕೈಯಲ್ಲೇ ಹಿಡಿದುಕೊಂಡು ಬಂದಿದ್ದರು. ಕೊಲ್ಲೂರಿಗೆ ಅವರದೊಂದು ಹರಕೆ. ತನ್ನ ಕಾರಿನಲ್ಲೇ ಕರೆದೊಯ್ಯಬೇಕೆಂಬುದು ಮಗನ ಆಸೆ.

ರಾಯರಿಗೂ ಬ್ರಹ್ಮಾವರದ ರಾಜೀವ ಶೆಟ್ಟರಿಗೂ ಸ್ನೇಹವಾದದ್ದು ಕುಂದಾಪುರದ ಕಡವಿನಲ್ಲಿ. ಎರಡು ದೋಣಿ ಜೋಡಿಸಿ ಹಲಗೆ ಹಾಸಿದ ಜಂಗಲಿನ ಮೇಲೆ ಇಬ್ಬರ ಕಾರೂ ಅಕ್ಕಪಕ್ಕ ನಿಂತಿದ್ದವು, ಎರಡೂ ಒಂದೇ ಇಸವಿಯವು. ಜಂಗಲು ಆಚೆ ದಡ ಮುಟ್ಟಿದರೂ ಇಬ್ಬರೂ ಬಾನೆಟ್ಟಿನೊಳಗಿನಿಂದ ತಲೆ ಎತ್ತಿರಲಿಲ್ಲ. ಅಂದಿನಿಂದಲೂ ಶೆಟ್ಟರು ಮನೆಗೆ ಬನ್ನಿ ಬನ್ನಿ ಎಂದು ಕರೆಯುತ್ತಲೇ ಇದ್ದರು.

ಈಗ ರಾಯರು ಬಂದು ನೋಡಿದರೆ ಶೆಟ್ಟರ ಕಾರಿನ ಎಂಜಿನ್ನು ಚಾವಡಿಯ ಗೋಣಿಯ ಮೇಲೆ ಹರಡಿಕೊಂಡಿತ್ತು.

"ನೆಂಟ್ರ್ ಬಪ್ಪತ್ತಿಗೇ ನಿಮ್ಗೆ ಕಾರ್ ಬಿಚ್ಚೂಕೆ ಆಪ್ದಾ?" ಎಂದರು ಶೆಟ್ಟರ ಹೆಂಡತಿ ಸರಸ. ತಾವೇ ಬೇಯಿಸಿದ್ದನ್ನಷ್ಟೇ ಉಣ್ಣುವ ಗಂಗಾಬಾಯಿಯವರಿಗೆ ಹಿತ್ತಿಲ ಚಪ್ಪರದಡಿ ಹೊಸ ಒಲೆ ಹಾಕಿ, ಅಕ್ಕಿ, ಬೇಳೆ, ತೆಂಗಿನಕಾಯಿ ತಂದಿಟ್ಟರು.

ಮರುದಿನ ಶೆಟ್ಟರು ರಾಯರ ಕಾರನ್ನು ಹಂಗಾರಕಟ್ಟೆಗೆ ಒಯ್ದರು. ದೋಣಿ ಕಟ್ಟುವ ಮುತ್ತ ಆಚಾರಿ ಬಾಗಿಲನ್ನು ಅಲ್ಲಾಡಿಸಿ ನೋಡಿದ.

"ಶೆಟ್ರೆ, ದೋಣಿಗೆ ಬಾಗ್ಲ್ ಇರೂದಿಲ್ಲ ಮಾರಾಯ್ರೆ."

"ಬಾಗ್ಲ್ ನೀ ಮಾಡೂದ್ ಬ್ಯಾಡ. ಕಂಬ ಒಂದ್ ಮಾಡಿ ಕೊಡ್."

ಮುತ್ತ ಹೆಬ್ಬಲಸಿನ ಕಂಬ ಕೆತ್ತಿ ಕೂರಿಸಿದ. ಎರಡು ಬೆರಳಲ್ಲಿ ದೂಡಿದರೂ ಬಾಗಿಲು ಮುಚ್ಚುವಂತಾಯಿತು. ತನ್ನ ಕೈಯಿಂದ ಹೊರಡುವ ಪ್ರತಿ ದೋಣಿಗೂ ಮಾಡುವ ಹಾಗೆ, ಯಾರೂ ಹೇಳದಿದ್ದರೂ, ಸಂದುಸಂದಿಗೆ ಮೀನೆಣ್ಣೆ ಹಚ್ಚಿ ತಿಕ್ಕಿದ. ಮೀನು, ದೋಣಿಗಳ ನಡುವೆಯೇ ಹುಟ್ಟಿ ಬೆಳೆದ ಶೆಟ್ಟರಿಗೆ ಅದು ಹೊಸ ಮರದ ವಾಸನೆ ಅನ್ನಿಸಿತು. ಸರಸರಿಗೂ ಏನೂ ಅನ್ನಿಸಲಿಲ್ಲ.

ಮಾರನೆಯ ಬೆಳಿಗ್ಗೆ ಕಾರಿನ ಬಾಗಿಲು ತೆರೆದ ರಾಯರು ಒಂದು ಹೆಜ್ಜೆ ಹಿಂದೆ ಸರಿದರು.

"ಭಾಳ ಛಲೋ ಆಗ್ಯದ್ರಿ" ಎಂದರು. ಕೈಯನ್ನು ಮಾತ್ರ ಬೆನ್ನ ಹಿಂದೆ ಧೋತರಕ್ಕೆ ಒರೆಸುತ್ತಿದ್ದರು. "ಕೊಲ್ಲೂರಿಗೆ ಬಸ್ಸು ಎಷ್ಟಕ್ಕ ಅದ?"

ಶೆಟ್ಟರಿಗೆ ಆಗ ಹೊಳೆಯಿತು. ಸೋಡಾ ಹಾಕಿ ತಿಕ್ಕಿದರು, ಸೀಗೆಪುಡಿ ಹಾಕಿ ತಿಕ್ಕಿದರು. ಎಣ್ಣೆ ಮರದೊಳಗೆ ಇಳಿದಾಗಿತ್ತು. ರಾಯರು ಜಗಳವಾಡುವವರಲ್ಲ. ನಗುತ್ತಲೇ ಬಸ್ಸು ಹತ್ತುತ್ತಾರೆ, ನಗುತ್ತಲೇ ಊರಿಗೆ ಹೋಗುತ್ತಾರೆ, ಇನ್ನೊಮ್ಮೆ ಈ ಕಡೆ ಬರುವುದಿಲ್ಲ. ಶೆಟ್ಟರ ಎದೆಯಲ್ಲಿ ಆ ಭಯ ಕೂತಿತು.

ಅಷ್ಟರಲ್ಲಿ ಗಂಗಾಬಾಯಿ ಮಡಿಸೀರೆ ಉಟ್ಟು, ಹಣ್ಣುಕಾಯಿಯ ಬುಟ್ಟಿ ಹಿಡಿದು ಅಂಗಳಕ್ಕಿಳಿದರು. ಕಾರಿನ ಹತ್ತಿರ ಬಂದು ನಿಂತರು.

"ಇದೇನೋ ವಾಮ್ಯಾ, ವಾಸನಿ?"

ಶೆಟ್ಟರೇ ಮುಂದೆ ಬಂದರು.

"ಅಮ್ಮ, ತಪ್ಪ್ ನಮ್ದೇ. ದೋಣಿ ಮರಕ್ಕೆ ಮೀನೆಣ್ಣಿ ಹಚ್ಚೂದ್ ಇಲ್ಲಿನ್ ಕ್ರಮ. ನನ್ ಮೂಗಿಗೆ ಅದ್ ಗೊತ್ತೇ ಆಯ್ಲಿಲ್ಲ. ನೀವ್ ಬಸ್ಸಗೇ ಹೋಯ್ನಿ, ನಾನ್ ಹತ್ಸಿ ಬತ್ತೆ."

ಗಂಗಾಬಾಯಿ ಬಾಗಿಲನ್ನು ಒಮ್ಮೆ ಎಳೆದು ನೋಡಿದರು, ಮುಚ್ಚಿ ನೋಡಿದರು.

"ಗುಡಿಗೆ ಹೋಗೋಕಿಂತ ಮೊದಲ ಅಲ್ಲೆ ಹೊಳಿ ಅದ ಅಂತಾರಲ್ಲ?"

"ಹೌದಮ್ಮ, ಸೌಪರ್ಣಿಕಾ."

"ಅದರಾಗ ಮುಳುಗಿ ಎದ್ದ ಮ್ಯಾಲೇ ದರ್ಶನ. ಇಲ್ಲಿಂದ ಗಂಧಾ ಹಚ್ಕೊಂಡು ಹೋದ್ರೂ ಮುಳುಗೋದು ತಪ್ಪಂಗಿಲ್ಲ." ಸೊಸೆಗೆ ಹೇಳುವಂತೆ ಸರಸರ ಕಡೆ ತಿರುಗಿದರು. "ತಡಿಯವ್ವಾ, ಈ ಸೀರಿ ಬಿಚ್ಚಿ ಗಂಟು ಕಟ್ಟತೀನಿ. ಅಲ್ಲೇ ಉಟ್ಟರಾತು."

"ಅವ್ವಾ, ಅಲ್ಲೀತನಕ ಆ ವಾಸನಿ..." ಎಂದರು ರಾಯರು.

"ಬಸ್ಸಿನ್ಯಾಗ ಏನು ಅತ್ತರು ಹೊಡದಿರ್ತಾರ?"

ಗಂಗಾಬಾಯಿ ಹಳೇ ಸೀರೆ ಉಟ್ಟು ಬಂದು ಕಾರಿನಲ್ಲಿ ಕೂತರು. ಬಾಗಿಲನ್ನು ತಾವೇ ಎಳೆದುಕೊಂಡರು. ಬರಿಮೈಯಲ್ಲಿ ನಿಂತಿದ್ದ ಶೆಟ್ಟರನ್ನು ನೋಡಿದರು.

"ನೀವ್ಯಾಕ ನಿಂತ್ರಿ? ಅಂಗಿ ಹಾಕ್ಕೊಂಡು ಬರ್ರಿ. ಇವಗ ದಾರಿ ಯಾರು ಹೇಳೋರು?"

ಶೆಟ್ಟರು ಒಳಗೋಡಿದರು. ರಾಯರು ಕಾರಿನ ಮುಂದೆ ಬಾಗಿ ಹ್ಯಾಂಡಲ್ ತಿರುಗಿಸಿದರು, ಎಂಜಿನ್ನು ಕೆಮ್ಮಿ ಹಿಡಿದುಕೊಂಡಿತು.

"ಗಾಜು ಮಾತ್ರ ಪೂರಾ ಇಳಸು" ಎಂದರು ಗಂಗಾಬಾಯಿ.